ಪಾಸು ಯಾರ ಹೆಸರಿನಲ್ಲಿದೆ?

(ಮಹಿಳಾ ವಿಭಾಗದ 'ಮನೆಖರ್ಚು ಮತ್ತು ಉಳಿತಾಯ' ಕಾರ್ಯಕ್ರಮದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಉಳಿತಾಯದ ಬಗ್ಗೆ ಮಾತನಾಡಬೇಕು ಎಂದು ಹೇಳಿದಾಗ ಮ್ಯೂಚುವಲ್ ಫಂಡ್, ಚಿನ್ನದ ಬಾಂಡ್ ಇಂಥದ್ದೇನಾದರೂ ಹೇಳುತ್ತೇನೆ ಎಂದು ನೀವು ನಿರೀಕ್ಷಿಸಿರಬಹುದು. ಐಟಿಯವಳು, ಎಂ.ಟೆಕ್ ಓದಿದವಳು ಎಂದರೆ ಅದು ಸಹಜ. ಆದರೆ ನಾನು ಇಂದು ಆರಿಸಿಕೊಂಡ ವಿಷಯ ನಮ್ಮ ಪರ್ಸಿನ ಒಳಜೇಬಿನಲ್ಲಿ ಇರುವಂಥದ್ದು: ರೈಲಿನ ಪಾಸು ಮತ್ತು ರೈಲ್ವೆಯ ರಿಯಾಯಿತಿಗಳು. ಮುಂಬಯಿಯಲ್ಲಿ ಬದುಕುವ ನಮಗೆ ಅಕ್ಕಿ, ಬೇಳೆಯ ಹಾಗೆ ರೈಲೂ ತಿಂಗಳ ಖರ್ಚು. ಅಕ್ಕಿಯ ಬೆಲೆಯನ್ನು ನಾಲ್ಕು ಅಂಗಡಿಯಲ್ಲಿ ವಿಚಾರಿಸುವ ನಾವು ರೈಲಿನ ಬೆಲೆಯನ್ನು ವಿಚಾರಿಸುವುದು ಕಡಿಮೆ.

ನಾವು ಆಂಟಾಪ್ ಹಿಲ್‌ನವರು ಒಂದು ವಿಷಯಕ್ಕೆ ಹೆಮ್ಮೆಪಡಬೇಕು. ಭಾರತದ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಓಡಿದ್ದು ಆಗಿನ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ, ಅದೂ ನಮ್ಮ ಹಾರ್ಬರ್ ಮಾರ್ಗದಲ್ಲಿ. ಹಿರಿಯರು ಈಗಲೂ ಕೋಳಿವಾಡ ಎಂದೇ ಕರೆಯುವ ನಮ್ಮ ಜಿಟಿಬಿ ನಗರ ಸ್ಟೇಷನ್ ಇರುವುದು ಅದೇ ಹಳಿಯ ಮೇಲೆ. ನೂರು ವರ್ಷದಿಂದ ಮನೆ ಬಾಗಿಲಲ್ಲೇ ಓಡುತ್ತಿರುವ ರೈಲಿನ ಲೆಕ್ಕ ನಮಗೆ ತಿಳಿದಿರಬೇಡವೇ?

ಮೊದಲು ಪಾಸಿನ ಲೆಕ್ಕ. ರೈಲ್ವೆಯ ಭಾಷೆಯಲ್ಲಿ ಇದಕ್ಕೆ ಸೀಸನ್ ಟಿಕೆಟ್ ಎಂದು ಹೆಸರು. ತಿಂಗಳದ್ದು, ಮೂರು ತಿಂಗಳದ್ದು, ಆರು ತಿಂಗಳದ್ದು, ವರ್ಷದ್ದು ಹೀಗೆ ನಾಲ್ಕು ಬಗೆ ಇವೆ. ಮೂರು ತಿಂಗಳ ಪಾಸಿಗೆ ತಿಂಗಳ ದರದ 2.7 ಪಟ್ಟು, ಆರು ತಿಂಗಳದ್ದಕ್ಕೆ 5.4 ಪಟ್ಟು, ವರ್ಷದ್ದಕ್ಕೆ 10.8 ಪಟ್ಟು ಹಣ. ಅಂದರೆ ಮೂರು ತಿಂಗಳದ್ದು ತೆಗೆದರೂ, ವರ್ಷದ್ದು ತೆಗೆದರೂ ಉಳಿತಾಯ ಶೇಕಡಾ 10 ಮಾತ್ರ. ವರ್ಷದ್ದು ತೆಗೆದರೆ ಇನ್ನೂ ಹೆಚ್ಚು ಉಳಿಯುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಕೆಲಸ ಬದಲಾಗುವ ಸಾಧ್ಯತೆ ಇರುವವರು, ಮನೆ ಬದಲಿಸಲಿರುವವರು ಮೂರು ತಿಂಗಳದ್ದನ್ನೇ ತೆಗೆಯಬಹುದು. ಉಳಿತಾಯ ಅಷ್ಟೇ, ಕೈಯಿಂದ ಒಮ್ಮೆಗೇ ಹೋಗುವ ಹಣ ಕಡಿಮೆ.

ಈಗ ಪಾಸು ಮತ್ತು ಟಿಕೆಟಿನ ಹೋಲಿಕೆ. ಅತಿ ಸಮೀಪದ ಅಂತರಕ್ಕೆ ಸೆಕೆಂಡ್ ಕ್ಲಾಸಿನ ಟಿಕೆಟ್ 5 ರೂಪಾಯಿ, ತಿಂಗಳ ಪಾಸು 100 ರೂಪಾಯಿ. ಹೋಗಿ ಬರಲು ದಿನಕ್ಕೆ 10 ರೂಪಾಯಿ. ಹತ್ತು ದಿನ ಓಡಾಡಿದರೆ ಪಾಸಿನ ಹಣ ಹುಟ್ಟಿತು. ಹನ್ನೊಂದನೆಯ ದಿನದಿಂದ ಪ್ರಯಾಣ ಪುಕ್ಕಟೆ. ಇಪ್ಪತ್ತೈದು ದಿನ ಹೋಗುವವರಿಗೆ ಟಿಕೆಟಿನಲ್ಲಾದರೆ 250 ರೂಪಾಯಿ, ಪಾಸಿನಲ್ಲಾದರೆ 100. ನಿಮ್ಮ ದಾರಿ ಯಾವುದೇ ಇರಲಿ, ಸೂತ್ರ ಒಂದೇ: ತಿಂಗಳ ಪಾಸಿನ ದರವನ್ನು ಹೋಗಿ ಬರುವ ಟಿಕೆಟಿನ ದರದಿಂದ ಭಾಗಿಸಿ. ಬಂದ ಸಂಖ್ಯೆಗಿಂತ ಹೆಚ್ಚು ದಿನ ಪ್ರಯಾಣ ಮಾಡುವವರು ಪಾಸು ತೆಗೆಯಬೇಕು.

ನನ್ನಂತೆ ವಾರದಲ್ಲಿ ಮೂರು ದಿನ ಆಫೀಸಿಗೆ, ಉಳಿದ ದಿನ ಮನೆಯಿಂದಲೇ ಕೆಲಸ ಮಾಡುವವರು ಈ ಭಾಗಾಕಾರವನ್ನು ಮಾಡಲೇಬೇಕು. ನಾನು ಜಿಟಿಬಿ ನಗರದಿಂದ ವಾಶಿಗೆ ಹೋಗಿ, ಅಲ್ಲಿ ಥಾಣೆಯ ಗಾಡಿ ಹಿಡಿದು ಘನ್ಸೋಲಿಗೆ ಹೋಗುವವಳು. ವಾರಕ್ಕೆ ಮೂರು ದಿನ ಎಂದರೆ ತಿಂಗಳಿಗೆ ಹನ್ನೆರಡು, ಹದಿಮೂರು ದಿನ. ಪಾಸು ಲಾಭವೇ. ಎರಡೇ ದಿನ ಹೋಗುವವರಿಗೆ ಟಿಕೆಟೇ ಲಾಭವಾಗಬಹುದು.

ಇನ್ನೊಂದು ಸಣ್ಣ ಉಪಾಯ. ರೈಲಿನ ದರ ಕಿಲೋಮೀಟರಿಗೆ ಕಿಲೋಮೀಟರು ಏರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಆದ್ದರಿಂದ ಕೆಲವೊಮ್ಮೆ ಒಂದೆರಡು ಸ್ಟೇಷನ್ ಮುಂದಕ್ಕೆ ಪಾಸು ತೆಗೆದರೂ ದರ ಅಷ್ಟೇ ಇರುತ್ತದೆ. ಪಾಸು ಇದ್ದರೆ ನಡುವಿನ ಯಾವ ಸ್ಟೇಷನ್‌ನಲ್ಲೂ ಇಳಿಯಬಹುದು, ಹತ್ತಬಹುದು. ತಂಗಿಯ ಮನೆ, ಮಗುವಿನ ಕ್ಲಾಸು, ತರಕಾರಿ ಅಗ್ಗವಾಗಿ ಸಿಗುವ ಮಾರ್ಕೆಟ್ ಒಂದು ಸ್ಟೇಷನ್ ಆಚೆ ಇದ್ದರೆ ಪಾಸು ತೆಗೆಯುವ ಮೊದಲು ಎರಡೂ ದರ ನೋಡಿ. ಮೊಬೈಲ್ ಆ್ಯಪ್‌ನಲ್ಲಿ ಇದು ಎರಡು ನಿಮಿಷದ ಕೆಲಸ. ಮೊದಲು ಯುಟಿಎಸ್ ಆ್ಯಪ್ ಇತ್ತು, 2025ರ ಜುಲೈಯಲ್ಲಿ ರೈಲ್‌ವನ್ ಆ್ಯಪ್ ಬಂತು. ಸಾಲಿನಲ್ಲಿ ನಿಲ್ಲುವ ಸಮಯವೂ ನಮ್ಮ ಉಳಿತಾಯವೇ. ಸೆಕೆಂಡ್ ಕ್ಲಾಸ್ ಪಾಸು ಇಟ್ಟುಕೊಂಡು ಫಸ್ಟ್ ಕ್ಲಾಸಿನ ಡಬ್ಬಿ ಹತ್ತಿದರೆ ಮಾತ್ರ ಕನಿಷ್ಠ 250 ರೂಪಾಯಿ ದಂಡ, ಅದರ ಮೇಲೆ ದರ. ಎರಡು ತಿಂಗಳ ಉಳಿತಾಯ ಒಂದೇ ದಿನದಲ್ಲಿ ಹೋಗುತ್ತದೆ.

ಇಷ್ಟು ಗಣಿತ. ಈಗ ಗಣಿತ ಹೇಳದ ಒಂದು ಮಾತಿಗೆ ಬರುತ್ತೇನೆ.

ನಮ್ಮ ಮನೆಗಳಲ್ಲಿ ಪಾಸು ಯಾರ ಬಳಿ ಇರುತ್ತದೆ? ಸಂಬಳಕ್ಕೆ ಹೋಗುವವರ ಬಳಿ, ಕಾಲೇಜಿಗೆ ಹೋಗುವವರ ಬಳಿ. ಮನೆಯಲ್ಲಿರುವ ಹೆಂಗಸಿನ ಬಳಿ ಇರುವುದು ಅಪರೂಪ. 'ನಾನು ದಿನಾ ಎಲ್ಲಿ ಹೋಗುತ್ತೇನೆ? ನನಗ್ಯಾಕೆ ಪಾಸು?' ಎಂದು ಅವಳೇ ಹೇಳುತ್ತಾಳೆ. ಪಾಸನ್ನು ಹಂಚಿಕೊಳ್ಳಲೂ ಆಗುವುದಿಲ್ಲ. ಅದು ಒಬ್ಬರ ಹೆಸರಿನದು, ಗುರುತಿನ ಚೀಟಿಯೊಂದಿಗೆ ಅವರು ಮಾತ್ರ ಬಳಸಬೇಕು.

ಕೆಲಸಕ್ಕೆ ಸೇರಿದ ಮೇಲೆ ನಾನು ಅಮ್ಮನಿಗೆ ಜಿಟಿಬಿ ನಗರದಿಂದ ಚೆಂಬೂರಿಗೆ ಪಾಸು ತೆಗೆಸಿಕೊಟ್ಟೆ. ಅಮ್ಮ ಒಪ್ಪಲಿಲ್ಲ. ಬೆರಳೆಣಿಸಿ, 'ತಿಂಗಳಿಗೆ ಆರು ಸಲ ಹೋದರೆ ಹೆಚ್ಚು, ನಿನ್ನ ಹಣ ದಂಡ' ಎಂದರು. ಅಮ್ಮನ ಲೆಕ್ಕ ಸರಿಯಾಗಿಯೇ ಇತ್ತು. ಮೊದಲ ತಿಂಗಳು ಆರೇ ಸಲ ಹೋದರು. ಎರಡನೆಯ ತಿಂಗಳಿನಿಂದ ಬೇರೆಯೇ ಆಯಿತು. ಚೆಂಬೂರಿನ ಭಜನೆಗೆ ವಾರಕ್ಕೆ ಒಮ್ಮೆ ಹೋಗುತ್ತಿದ್ದವರು ಎರಡು ಸಲ ಹೋದರು. ಸಂಘದ ಕಾರ್ಯಕ್ರಮವಿದ್ದರೆ ಯಾರಾದರೂ ಕರೆದುಕೊಂಡು ಹೋಗಲಿ ಎಂದು ಕಾಯುವುದು ನಿಂತಿತು. ಕುರ್ಲಾದಲ್ಲಿ ಇಳಿದು ಹಳೆಯ ನೆರೆಯವರನ್ನು ನೋಡಿ ಬಂದರು. ತಿಂಗಳಿಗೆ ಹದಿನಾಲ್ಕು ದಿನ, ಹದಿನೈದು ದಿನ. ಮಳೆಗಾಲದಲ್ಲೂ ನಿಲ್ಲಲಿಲ್ಲ.

ಏನಾಯಿತು ಎಂದು ನಾನು ಯೋಚಿಸಿದೆ. ಟಿಕೆಟ್ ತೆಗೆಯುವವಳು ಪ್ರತಿ ಸಲವೂ ತನ್ನನ್ನು ಕೇಳಿಕೊಳ್ಳುತ್ತಾಳೆ: ಇದು ಅಗತ್ಯವೇ? ಈ ಹತ್ತು ರೂಪಾಯಿಗೆ ಕೊತ್ತಂಬರಿ ಬರುತ್ತದಲ್ಲ? ಮನೆಯವರಿಗಾಗಿ ಹೊರಟರೆ ಉತ್ತರ 'ಹೌದು', ತನಗಾಗಿ ಹೊರಟರೆ 'ಬೇಡ ಬಿಡು'. ಪಾಸು ಆ ಪ್ರಶ್ನೆಯನ್ನೇ ತೆಗೆದುಹಾಕುತ್ತದೆ. ಹಣ ಆಗಲೇ ಕೊಟ್ಟಾಗಿದೆ, ಮುಂದಿನ ಪ್ರಯಾಣಕ್ಕೆ ಖರ್ಚು ಸೊನ್ನೆ. ಆದ್ದರಿಂದ ಈಗ ಎಷ್ಟು ಸಲ ಹೋಗುತ್ತೀರಿ ಎಂದು ಎಣಿಸಿ ಪಾಸು ಬೇಡ ಎನ್ನುವುದು ಅರ್ಧ ಲೆಕ್ಕ. ಪಾಸು ಇದ್ದಿದ್ದರೆ ಎಷ್ಟು ಸಲ ಹೋಗುತ್ತಿದ್ದಿರಿ ಎಂಬುದು ಪೂರ್ತಿ ಲೆಕ್ಕ. ಉಳಿತಾಯವೆಂದರೆ ಹೋಗದೆ ಉಳಿಯುವುದಲ್ಲ.

ಹೊರದೇಶಗಳಲ್ಲಿ ಇದೇ ತತ್ವದ ಮೇಲೆ ಕಾರ್ಡುಗಳಿವೆ. ಇಂಗ್ಲೆಂಡಿನಲ್ಲಿ ರೈಲ್‌ಕಾರ್ಡ್ ಎಂಬುದಿದೆ. ಒಮ್ಮೆ ಹಣ ಕೊಟ್ಟು ಕಾರ್ಡು ತೆಗೆದರೆ ವರ್ಷವಿಡೀ ಹೆಚ್ಚಿನ ಟಿಕೆಟುಗಳಲ್ಲಿ ಮೂರನೆಯ ಒಂದು ಪಾಲು ಕಡಿತ. ಯುವಕರಿಗೆ ಬೇರೆ, 60 ದಾಟಿದವರಿಗೆ ಬೇರೆ, ಜೊತೆಯಾಗಿ ಹೋಗುವ ಇಬ್ಬರಿಗೆ ಬೇರೆ ಕಾರ್ಡು. ಅಲ್ಲಿ ಕಾರ್ಡಿಗೆ ದುಡ್ಡು ಕೊಟ್ಟು ರಿಯಾಯಿತಿ ಕೊಳ್ಳಬೇಕು. ನಮ್ಮಲ್ಲಿ ಹಾಗಲ್ಲ, ರಿಯಾಯಿತಿಗೆ ಅರ್ಹತೆ ಇದ್ದವರು ಕಾಗದ ತೋರಿಸಿ ಕೇಳಬೇಕು. ಕೇಳದಿದ್ದರೆ ಯಾರೂ ಕರೆದು ಕೊಡುವುದಿಲ್ಲ. ಹಾಗಾಗಿ ಏನೇನು ಇದೆ ಎಂದು ತಿಳಿದಿರಬೇಕು.

ಮೊದಲು ಮಕ್ಕಳದ್ದು. ಶಾಲೆ, ಕಾಲೇಜಿಗೆ ಹೋಗುವ ವಿದ್ಯಾರ್ಥಿಗಳಿಗೆ ಪಾಸು ಅರ್ಧ ದರದಲ್ಲಿ ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ರೈಲ್ವೆಯ ರಿಯಾಯಿತಿ ಪಟ್ಟಿಯಲ್ಲಿ ಇನ್ನೊಂದು ಸಾಲಿದೆ: ಪದವಿಯವರೆಗೆ ಓದುವ ಹೆಣ್ಣುಮಕ್ಕಳಿಗೆ ಮತ್ತು ಹನ್ನೆರಡನೆಯ ತರಗತಿಯವರೆಗಿನ ಗಂಡುಮಕ್ಕಳಿಗೆ ಮನೆಯಿಂದ ಶಾಲೆ, ಕಾಲೇಜಿಗೆ ಸೆಕೆಂಡ್ ಕ್ಲಾಸಿನ ತಿಂಗಳ ಪಾಸು ಉಚಿತ. ಮಗಳು ಕಾಲೇಜಿಗೆ ಸೇರಿದ ಕೂಡಲೇ ಆಫೀಸಿನಲ್ಲಿ ರೈಲ್ವೆ ರಿಯಾಯಿತಿಯ ಫಾರಂ ಕೇಳುವಾಗ ಇದನ್ನೂ ಕೇಳಿ. ಮಂಗಳೂರು, ಸುರತ್ಕಲ್, ಧಾರವಾಡದ ಹಾಸ್ಟೆಲಿನಲ್ಲಿ ಓದುವ ಮಕ್ಕಳಿಗೆ ರಜೆಗೆ ಮನೆಗೆ ಬಂದು ಹೋಗಲು ಸ್ಲೀಪರ್ ಮತ್ತು ಸೆಕೆಂಡ್ ಕ್ಲಾಸಿನಲ್ಲಿ ಶೇಕಡಾ 50, ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಶೇಕಡಾ 75 ರಿಯಾಯಿತಿ ಇದೆ. ಪ್ರಿನ್ಸಿಪಾಲರ ಸಹಿ ಇರುವ ಪ್ರಮಾಣಪತ್ರ ಬೇಕು. ಐದು ವರ್ಷ ತುಂಬಿದ, ಹನ್ನೆರಡು ತುಂಬದ ಮಕ್ಕಳಿಗೆ ಬೇರೆ ಬರ್ತ್ ಬೇಡವೆಂದರೆ ಅರ್ಧ ಟಿಕೆಟ್. ಬರ್ತ್ ಬೇಕೆಂದರೆ 2016ರ ಏಪ್ರಿಲ್‌ನಿಂದ ಪೂರ್ತಿ ದರ.

ಎರಡನೆಯದು ಕಾಯಿಲೆಯವರದ್ದು. ಇದನ್ನು ದಯವಿಟ್ಟು ನೆನಪಿಡಿ, ಊರಿನವರಿಗೂ ಹೇಳಿ. ಪರೇಲಿನ ಟಾಟಾ ಆಸ್ಪತ್ರೆಗೆ ಕರ್ನಾಟಕದಿಂದ ಎಷ್ಟೋ ಜನ ಬರುತ್ತಾರೆ. ಅವರಲ್ಲಿ ಕೆಲವರು ನಮ್ಮ ಮನೆಗಳಲ್ಲೇ ಉಳಿಯುತ್ತಾರೆ. ಕ್ಯಾನ್ಸರ್ ರೋಗಿಗೆ ಚಿಕಿತ್ಸೆ ಅಥವಾ ತಪಾಸಣೆಗಾಗಿ ಪ್ರಯಾಣಿಸುವಾಗ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಟಿಕೆಟ್ ಪೂರ್ತಿ ಉಚಿತ. ಜೊತೆಗೆ ಬರುವ ಒಬ್ಬರಿಗೆ ಅದೇ ತರಗತಿಗಳಲ್ಲಿ ಶೇಕಡಾ 75 ರಿಯಾಯಿತಿ. ಕಿಡ್ನಿ, ಹೃದಯ ಶಸ್ತ್ರಚಿಕಿತ್ಸೆ, ಥಲಸ್ಸೀಮಿಯಾ ರೋಗಿಗಳಿಗೆ ಸ್ಲೀಪರ್, ಥರ್ಡ್ ಎಸಿಯಲ್ಲಿ ಶೇಕಡಾ 75. ಆಸ್ಪತ್ರೆಯಿಂದ ರೈಲ್ವೆಯ ನಮೂನೆಯಲ್ಲಿ ಪ್ರಮಾಣಪತ್ರ ಬರೆಸಿಕೊಂಡು ಕೌಂಟರಿನಲ್ಲಿ ತೋರಿಸಬೇಕು. ಕಾಯಿಲೆಯ ಗಾಬರಿಯಲ್ಲಿ ಯಾರಿಗೂ ಇದು ಹೊಳೆಯುವುದಿಲ್ಲ. ಮನೆಯಲ್ಲಿ ಒಬ್ಬಳಾದರೂ ತಿಳಿದವಳು ಇದ್ದರೆ ಮೂರನೆಯ ಕೀಮೋಗೆ, ನಾಲ್ಕನೆಯ ಕೀಮೋಗೆ ಬರುವ ಹಣದ ಚಿಂತೆ ಸ್ವಲ್ಪವಾದರೂ ಇಳಿಯುತ್ತದೆ.

ಮೂರನೆಯದು ಹಿರಿಯರದ್ದು. ಇಲ್ಲಿ ನನಗೆ ಹೇಳಲಿಕ್ಕಿರುವುದು ಸಂತೋಷದ ಸುದ್ದಿಯಲ್ಲ. ಮೊದಲು ದೂರದ ರೈಲುಗಳಲ್ಲಿ 60 ದಾಟಿದ ಗಂಡಸರಿಗೆ ಶೇಕಡಾ 40, 58 ದಾಟಿದ ಹೆಂಗಸರಿಗೆ ಶೇಕಡಾ 50 ರಿಯಾಯಿತಿ ಇತ್ತು. 2020ರ ಮಾರ್ಚ್ 20ರಿಂದ ಅದು ನಿಂತಿತು. ಉಳಿದದ್ದು ನಾಲ್ಕು ಬಗೆಯ ಅಂಗವಿಕಲರಿಗೆ, ಹನ್ನೊಂದು ಬಗೆಯ ರೋಗಿಗಳಿಗೆ ಮತ್ತು ವಿದ್ಯಾರ್ಥಿಗಳಿಗೆ ಮಾತ್ರ.

ಆ ನಿಯಮವನ್ನು ಇನ್ನೊಮ್ಮೆ ಗಮನಿಸಿ. ಹೆಂಗಸಿಗೆ ಎರಡು ವರ್ಷ ಮೊದಲೇ, ಶೇಕಡಾ 10 ಹೆಚ್ಚೇ ಕೊಟ್ಟಿದ್ದರು. ಅದಕ್ಕೆ ಅರ್ಥವಿತ್ತು. ಐವತ್ತೆಂಟು ದಾಟಿದ ನಮ್ಮ ಅತ್ತೆ, ಅಮ್ಮಂದಿರಲ್ಲಿ ಪಿಂಚಣಿ ಇರುವವರು ಎಷ್ಟು ಜನ? ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಹೋಗಲು ಅವರು ಮಗನನ್ನೋ ಗಂಡನನ್ನೋ ಹಣ ಕೇಳಬೇಕು. ಕೇಳುವ ಹಣ ಅರ್ಧವಾಗಿದ್ದರೆ ವರ್ಷಕ್ಕೆ ಎರಡು ಸಲ ಬಾಯಿಬಿಟ್ಟು ಕೇಳುತ್ತಾರೆ. ಪೂರ್ತಿಯಾದರೆ ಒಮ್ಮೆ ಕೇಳುತ್ತಾರೆ, ಇನ್ನೊಮ್ಮೆ 'ಈಗ ಸೆಕೆ, ಆಮೇಲೆ ನೋಡೋಣ' ಎನ್ನುತ್ತಾರೆ. ನಾಗರ ಪಂಚಮಿಗೆ ತವರಿಗೆ ಹೋಗಲಿಲ್ಲ, ತಮ್ಮನ ಮನೆಯ ಶ್ರಾದ್ಧಕ್ಕೆ ಹೋಗಲಿಲ್ಲ ಎಂಬುದು ಯಾವ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ. ಮನೆಯಲ್ಲಿ ಅದನ್ನು ಉಳಿತಾಯ ಎಂದೇ ಬರೆದಿರುತ್ತಾರೆ.

ರಿಯಾಯಿತಿ ಮರಳಿ ಬರಲಿ ಎಂದು ಕೇಳುವುದು ನಮ್ಮ ಹಕ್ಕು. ಸಂಘದ ಪರವಾಗಿ ಮನವಿ ಬರೆಯಬಹುದು, ಬರೆಯೋಣ. ಅಲ್ಲಿಯವರೆಗೆ ಏನು ಮಾಡಬಹುದು? ರಿಯಾಯಿತಿ ಹೋದರೂ ಕೆಳಗಿನ ಬರ್ತಿನ ಕೋಟಾ ಇದೆ. 45 ದಾಟಿದ ಹೆಂಗಸರಿಗೂ ಅದು ಅನ್ವಯಿಸುತ್ತದೆ, ಖಾಲಿ ಇದ್ದರೆ ಸಿಗುತ್ತದೆ. ಬುಕ್ ಮಾಡುವಾಗ ವಯಸ್ಸನ್ನು ಸರಿಯಾಗಿ ಹಾಕಬೇಕು, ನಾಚಿಕೊಳ್ಳಬಾರದು! ಮುಂಗಡ ಬುಕಿಂಗ್ 2024ರ ನವೆಂಬರ್ 1ರಿಂದ 120 ದಿನಕ್ಕೆ ಬದಲು 60 ದಿನ. ಚೌತಿ, ದಸರಾ, ಮೇ ರಜೆಯ ದಿನಾಂಕದಿಂದ 60 ದಿನ ಹಿಂದಕ್ಕೆ ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ದಿನ ತಪ್ಪಿದರೆ ತತ್ಕಾಲ್ ಅಥವಾ ಖಾಸಗಿ ಬಸ್ಸು. ಹಬ್ಬದ ಕಾಲದ ಖಾಸಗಿ ಬಸ್ಸಿನ ದರ ನಿಮಗೆಲ್ಲ ಗೊತ್ತೇ ಇದೆ.

ಘಟ್ಟದ ಮೇಲಿನವರಿಗೆ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಕೊಲ್ಹಾಪುರದ ಕಡೆಯವರಿಗೆ ಇನ್ನೊಂದು ದಾರಿ ಇದೆ. ಮಹಾರಾಷ್ಟ್ರದ ಎಸ್.ಟಿ. ಬಸ್ಸುಗಳಲ್ಲಿ 2023ರ ಮಾರ್ಚ್ 17ರಿಂದ ಎಲ್ಲ ಹೆಂಗಸರಿಗೂ ಅರ್ಧ ಟಿಕೆಟ್. 75 ದಾಟಿದವರಿಗೆ 2022ರ ಆಗಸ್ಟ್‌ನಿಂದ ಉಚಿತ. ಆದರೆ ಇದು ರಾಜ್ಯದ ಗಡಿಯವರೆಗೆ ಮಾತ್ರ. ಗಡಿಯ ಆಚೆ ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಅದು ಅಲ್ಲಿನ ನಿವಾಸಿಗಳಿಗೆ. ಹುಟ್ಟಿದ್ದು ಬಿಜಾಪುರದಲ್ಲಾದರೂ ಆಧಾರಿನಲ್ಲಿ ಆಂಟಾಪ್ ಹಿಲ್ ಎಂದಿದ್ದರೆ ಟಿಕೆಟ್ ತೆಗೆಯಬೇಕು. ತವರಿಗೆ ಹೋದ ಮಗಳು ನೆಂಟಳೇ ಅಲ್ಲವೇ, ಟಿಕೆಟ್ ತೆಗೆದೇ ಹೋಗೋಣ.

ಇನ್ನೊಬ್ಬಳ ವಿಷಯ ಹೇಳದೆ ಈ ಮಾತು ಮುಗಿಯುವುದಿಲ್ಲ. ನಮ್ಮಲ್ಲಿ ಹೆಚ್ಚಿನವರ ಮನೆಗೆ ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ಗೋವಂಡಿ, ಮಾನ್‌ಖುರ್ದ್ ಕಡೆಯಿಂದ ಬರುತ್ತಾರೆ. ಅಂಥವರಿಗೆಂದೇ 2009ರ ರೈಲ್ವೆ ಬಜೆಟ್ಟಿನಲ್ಲಿ 'ಇಜ್ಜತ್' ಎಂಬ ಪಾಸು ಬಂತು. ಅಸಂಘಟಿತ ಕೆಲಸದವರಿಗೆ 100 ಕಿಲೋಮೀಟರಿನವರೆಗೆ ತಿಂಗಳಿಗೆ 25 ರೂಪಾಯಿ. ಇಜ್ಜತ್ ಎಂದರೆ ಗೌರವ. ಒಳ್ಳೆಯ ಹೆಸರು, ಒಳ್ಳೆಯ ಯೋಚನೆ. ಆದರೆ ತಿಂಗಳ ಆದಾಯ 1,500 ರೂಪಾಯಿ ಮೀರಬಾರದು ಎಂದು ಗೆರೆ ಹಾಕಿದ್ದರು. ಇಂದು ಮುಂಬಯಿಯಲ್ಲಿ ಎರಡು ಮನೆಯ ಪಾತ್ರೆ ತೊಳೆದರೂ ಆ ಗೆರೆ ದಾಟುತ್ತದೆ. ದಾಟಿದವಳು ಶ್ರೀಮಂತಳಾಗಿದ್ದಾಳೆಯೇ?

ಸರಕಾರದ ಗೆರೆ ನಮ್ಮ ಕೈಯಲ್ಲಿಲ್ಲ, ನಮ್ಮ ಮನೆಯ ಗೆರೆ ನಮ್ಮ ಕೈಯಲ್ಲಿದೆ. ಅವಳು ಮೂರು ಮನೆ ಮಾಡುತ್ತಿದ್ದರೆ ಮೂರು ಮನೆಯವರು ಸೇರಿ ಅವಳ ಹೆಸರಿನಲ್ಲಿ ಮೂರು ತಿಂಗಳ ಪಾಸು ತೆಗೆಸಬಹುದು. ಒಬ್ಬೊಬ್ಬರಿಗೆ ತಗಲುವುದು ಒಂದು ಸಲ ಹೊರಗೆ ಚಹಾ ಕುಡಿದ ಖರ್ಚಿಗಿಂತ ಹೆಚ್ಚಲ್ಲ. ನಮ್ಮ ಮಹಡಿಯಲ್ಲಿ ಇದನ್ನು ಆರಂಭಿಸಿದ್ದೇವೆ. ಸಂಬಳದಲ್ಲಿ ಹಿಡಿಯುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದೇವೆ. ಟಿಕೆಟಿನ ಸಾಲು ಉದ್ದವಾಗಿದೆ ಎಂದು ಹಾಗೇ ಹತ್ತಿ ದಂಡ ಕಟ್ಟುವ ಭಯ ಅವಳಿಗೆ ಈಗ ಇಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. ಉಳಿತಾಯ ನಮ್ಮ ಮೈಯಿಂದ ಆಗಬಾರದು. 1992ರ ಮೇ 5ರಂದು ಚರ್ಚ್‌ಗೇಟ್ ಮತ್ತು ಬೊರಿವಿಲಿ ನಡುವೆ ಹೆಂಗಸರಿಗೆಂದೇ ಇಡೀ ರೈಲು ಓಡತೊಡಗಿತು. ಅದೇ ವರ್ಷ ಜುಲೈಯಲ್ಲಿ ಕಲ್ಯಾಣದ ಕಡೆಗೂ ಬಂತು. ರೈಲ್ವೆಗೇ ಅರ್ಥವಾದದ್ದು ನಮಗೆ ಅರ್ಥವಾಗಬೇಡವೇ? ತುಂಬು ಗರ್ಭಿಣಿಯೊಬ್ಬಳು ದರ ಕಡಿಮೆ ಎಂದು ಬೆಳಗಿನ ನೂಕುನುಗ್ಗಲಿನಲ್ಲಿ ಸೆಕೆಂಡ್ ಕ್ಲಾಸಿನ ಬಾಗಿಲಿಗೆ ಜೋತುಬೀಳುವುದು, ಮಂಡಿನೋವಿನ ಅತ್ತೆ ಮೇಲಿನ ಬರ್ತು ಹತ್ತುವುದು, ರಾತ್ರಿ ಪಾಳಿಯವಳು ರಿಕ್ಷಾ ಹಣ ಉಳಿಸಲು ಕತ್ತಲಲ್ಲಿ ನಡೆಯುವುದು ಉಳಿತಾಯವಲ್ಲ. ಮೂರು ತಿಂಗಳ ಪಾಸಿನಲ್ಲಿ ಉಳಿದ ಶೇಕಡಾ 10 ಇರುವುದೇ ಇಂಥ ದಿನಗಳಿಗಾಗಿ. ಆ ಹಣವನ್ನು ಮನೆಯ ಖರ್ಚಿಗೆ ಸೇರಿಸಬೇಡಿ, ಬೇರೆ ಇಡಿ.

ಹಾಗಾದರೆ ಇಂದು ಮನೆಗೆ ಹೋಗಿ ಏನು ಮಾಡಬೇಕು? ನಾಲ್ಕೇ ಕೆಲಸ. ಒಂದು, ಮನೆಯಲ್ಲಿ ಯಾರ್ಯಾರ ಹೆಸರಿನಲ್ಲಿ ಪಾಸು ಇದೆ ಎಂದು ಬರೆಯಿರಿ. ನಿಮ್ಮ ಹೆಸರು ಇಲ್ಲದಿದ್ದರೆ ಒಂದು ತಿಂಗಳ ಮಟ್ಟಿಗೆ ತೆಗೆದು ನೋಡಿ. ಎರಡು, ಮಗಳ ಕಾಲೇಜಿನಲ್ಲಿ ಉಚಿತ ಪಾಸಿನ ಬಗ್ಗೆ ವಿಚಾರಿಸಿ. ಮೂರು, ಊರಿನಿಂದ ಚಿಕಿತ್ಸೆಗೆ ಬರುವವರಿಗೆ ಪ್ರಮಾಣಪತ್ರದ ಮಾತು ತಿಳಿಸಿ. ನಾಲ್ಕು, ಮನೆಯ ಹಿರಿಯ ಹೆಂಗಸಿನ ಊರಿನ ಟಿಕೆಟನ್ನು ಅವರು ಕೇಳುವ ಮೊದಲೇ, 60 ದಿನ ಮುಂಚೆ, ಬುಕ್ ಮಾಡಿ ಕೈಗೆ ಕೊಡಿ. ರಿಯಾಯಿತಿಯನ್ನು ನಾವು ಮರಳಿ ತರಲಾರೆವು, ಕೇಳುವ ಸಂಕೋಚವನ್ನಾದರೂ ಕಡಿಮೆ ಮಾಡಬಹುದಲ್ಲ.

ಫಾರಂ ತುಂಬಲು, ಆ್ಯಪ್ ಹಾಕಿಕೊಳ್ಳಲು ಯಾರಿಗಾದರೂ ಸಹಾಯ ಬೇಕಾದರೆ ಕಾರ್ಯಕ್ರಮ ಮುಗಿದ ಮೇಲೆ ನಾನು ಇಲ್ಲೇ ಇರುತ್ತೇನೆ. ಕನ್ನಡಕ ಮತ್ತು ಆಧಾರ್ ಎರಡನ್ನೂ ತಂದಿದ್ದರೆ ಇವತ್ತೇ ಮಾಡಿಬಿಡೋಣ.